ಅರ್ಥದ ಕಿಟಕಿ

ನಮ್ಮೂರಿನ ಟಾಕೀಸಿಗೆ ಎರಡು ಕಿಟಕಿ. ಒಂದು ಟಿಕೆಟ್ಟಿನದು, ಒಳಗೆ ಹೋಗುವ ಬಾಗಿಲ ಪಕ್ಕದಲ್ಲಿದೆ. ಇನ್ನೊಂದು ಅರ್ಥದ್ದು, ಹೊರಗೆ ಬರುವ ಬಾಗಿಲ ಪಕ್ಕದಲ್ಲಿದೆ. ಟಿಕೆಟ್ಟಿನ ಕಿಟಕಿಯಲ್ಲಿ ಕೂರುವವರು ಎಷ್ಟೋ ಜನ ಬದಲಾದರು. ಅರ್ಥದ ಕಿಟಕಿಯಲ್ಲಿ ಮಾತ್ರ ಮೊದಲು ನಮ್ಮಪ್ಪ, ಅಪ್ಪ ಹೋದ ಮೇಲೆ ಇಪ್ಪತ್ತೆರಡು ವರ್ಷದಿಂದ ನಾನು. ಊರಿನವರು ನನ್ನನ್ನು ಅರ್ಥದ ತುಂಗಮ್ಮ ಅನ್ನುತ್ತಾರೆ. ಎದುರಿಗೆ ಗೌರವದಿಂದ ಅನ್ನುತ್ತಾರೆ, ಹಿಂದಿನಿಂದ ಸ್ವಲ್ಪ ನಗುತ್ತಾ ಅನ್ನುತ್ತಾರೆ, ಎರಡೂ ನನಗೆ ಗೊತ್ತು. ಆ ಕಿಟಕಿ ಮೊದಲು ಗೋಡೆಯಿಂದ ಎರಡು ಇಟ್ಟಿಗೆ ಕಿತ್ತಷ್ಟೇ ಇತ್ತು, ಒಂದು ಕೈ ಒಳಗೆ ಬಂದರೆ ಹೆಚ್ಚು. ಈಗ ಮನುಷ್ಯರ ಮುಖವಷ್ಟೇ ಅಲ್ಲ, ಅವರ ಸೊಂಟದ ಮೇಲೆ ಕೂತ ಮಗುವೂ ಕಾಣುವಷ್ಟು ಅಗಲವಾಗಿದೆ. ಅದು ಹೇಗೆ ಅಗಲವಾಯಿತು ಎಂದು ಹೇಳಲು ಹೊರಟಿದ್ದೇನೆ.

ನಮ್ಮೂರಲ್ಲಿ ಸಿನಿಮಾ ನೋಡಿದವರು ಅದರ ಅರ್ಥ ತಿಳಿದುಕೊಂಡೇ ಮನೆಗೆ ಹೋಗಬೇಕು. ತಿಳಿಯದೆ ಹೋದರೆ ಸಿನಿಮಾದಲ್ಲಿದ್ದ ಏನಾದರೊಂದು ಹಿಂದೆಯೇ ಬಂದು ಮನೆ ಸೇರಿಕೊಳ್ಳುತ್ತದೆ. ಸಬ್ ರಿಜಿಸ್ಟ್ರಾರ್ ಪುಟ್ಟಸ್ವಾಮಯ್ಯನವರ ಮನೆಗೆ ಒಂದು ಸಲ ಆಡು ಬಂದಿತ್ತು. ಹಾಡಿನ ನಡುವೆ ನಾಯಕಿ ಆ ಆಡನ್ನು ತಬ್ಬಿಕೊಂಡು ಅಳುತ್ತಾಳೆ. ಯಾಕೆ ಅಳುತ್ತಾಳೆ ಎಂದು ಅವರಿಗೆ ತಿಳಿದಿರಲಿಲ್ಲ, ಕೇಳುವುದಕ್ಕೆ ಬಿಗುಮಾನ. ಮೂರು ದಿನ ಅದು ಅವರ ಪಂಚೆ, ಪಂಚಾಂಗ, ಕಚೇರಿಯಿಂದ ತಂದ ಕಾಗದ ಎಲ್ಲವನ್ನೂ ತಿಂದ ಮೇಲೆ ಬಂದು ಕಿಟಕಿಯಲ್ಲಿ ಕೈಯಿಟ್ಟರು. ಅವಳಿಗೆ ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ ಸ್ವಾಮಿ, ಅಂದೆ. ಅವರು ಮನೆ ಮುಟ್ಟುವಷ್ಟರಲ್ಲಿ ಆಡು ಹೋಗಿತ್ತು. ಹೀಗೆ ಬಂದದ್ದೆಲ್ಲ ಹೋಗಿಯೇ ಹೋಗುತ್ತದೆ ಅಂತಿಲ್ಲ. ಪ್ರತಿ ಶುಕ್ರವಾರ ಬೆಳಗಿನ ಬಸ್ಸಿಗೆ ಹಳೇ ಸಿನಿಮಾದ ಪೆಟ್ಟಿಗೆ ಹೋಗಿ ಹೊಸದು ಬರುತ್ತದೆ. ಪೆಟ್ಟಿಗೆ ಊರು ಬಿಡುವುದರೊಳಗೆ ಅರ್ಥವಾಗದೆ ಉಳಿದದ್ದು ಇಲ್ಲೇ ಉಳಿದುಬಿಡುತ್ತದೆ. ಗಾಣಿಗರ ಬೀದಿಯ ಬಾವಿ ಹಾಗೆ ಉಳಿದದ್ದು, ಅದರ ನೀರು ಬಹಳ ಸಿಹಿ. ವಕೀಲರ ಮನೆಯ ಅಡುಗೆಭಟ್ಟನೂ ಹಾಗೆ ಉಳಿದವನೇ. ಅವನ ಕೈಯ ಸಾರಿಗೆ ಮರುಳಾಗಿ ವಕೀಲರು ಬೇಕೆಂದೇ ಅರ್ಥ ಕೇಳಲಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ.

ನನ್ನ ಕೆಲಸ ಕಷ್ಟದ್ದಲ್ಲ. ಶುಕ್ರವಾರ ಮೊದಲ ಆಟ ನೋಡುವುದು, ಎರಡು ವಾಕ್ಯದಲ್ಲಿ ಅರ್ಥ ಹೊಂದಿಸುವುದು, ವಾರವೆಲ್ಲ ಅದನ್ನೇ ಹೇಳುವುದು. ಜನ ಸಾಲಾಗಿ ಬಂದು ಕಿಟಕಿಯೊಳಗೆ ಕೈ ಇಡುತ್ತಾರೆ, ನಾನು ಆ ಕೈಯನ್ನು ಮುಟ್ಟಿ ಅರ್ಥ ಹೇಳಿ ಬಿಡುತ್ತೇನೆ. ಮುಖ ಕಾಣುತ್ತಿರಲಿಲ್ಲ. ಕೈ ನೋಡಿಯೇ ಇವರು ಹೂವಿನ ಪಾರ್ವತಕ್ಕ, ಇವರು ಬೀಡಿ ಅಂಗಡಿಯವರು ಎಂದು ಗುರುತು ಹಿಡಿಯುತ್ತಿದ್ದೆ, ಅದರ ಬಗ್ಗೆ ಒಂದಿಷ್ಟು ಜಂಬವೂ ಇತ್ತು. ಇನ್ನೊಂದು ಮಾತನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಯಾವ ಸಿನಿಮಾದ ಕೊನೆಯ ರೀಲನ್ನೂ ನೋಡಿರಲಿಲ್ಲ. ಜನ ಹೊರಗೆ ಬರುವ ಮೊದಲೇ ಕಿಟಕಿಯ ಕೋಣೆಯಲ್ಲಿ ಕೂತಿರಬೇಕು ಎಂದು ಅಪ್ಪ ಕಲಿಸಿದ್ದರು, ಅವರೂ ಹಾಗೇ ಮಾಡಿದವರು. ಕೊನೆಯ ರೀಲಿನಲ್ಲಿ ಇರುವುದಾದರೂ ಏನು? ಮದುವೆ, ಇಲ್ಲವೇ ಸಾವು, ಇಲ್ಲವೇ ಎಲ್ಲ ಮುಗಿದ ಮೇಲೆ ಪೊಲೀಸರು. ಗೋಡೆಯಾಚೆಯಿಂದ ಚಪ್ಪಾಳೆ ಕೇಳಿದರೆ ಮದುವೆ, ಮೂಗೆಳೆಯುವುದು ಕೇಳಿದರೆ ಸಾವು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಈ ಗುಟ್ಟು ರೀಲು ಓಡಿಸುವ ಜಬ್ಬಾರ್ ಸಾಹೇಬರಿಗೆ ಮಾತ್ರ ಗೊತ್ತಿತ್ತು, ಅವರು ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಆ ಶುಕ್ರವಾರ ಬರಬೇಕಾಗಿದ್ದದ್ದು ಭಕ್ತಿಯ ಸಿನಿಮಾ. ಟಾಕೀಸಿಗೆ ಮಾವಿನೆಲೆ ಕಟ್ಟಿ ಆಗಿತ್ತು, ಮುದುಕಿಯರು ಮಡಿಯುಟ್ಟು ಬಂದಿದ್ದರು. ಬಸ್ಸಿನಿಂದ ಇಳಿದ ಪೆಟ್ಟಿಗೆಯ ಲೇಬಲ್ ಹರಿದಿತ್ತು. ಜಬ್ಬಾರ್ ಸಾಹೇಬರು ರೀಲು ಹಾಕಿದಾಗ ಪರದೆಯ ಮೇಲೆ ಬಂದದ್ದು ದೇವರಲ್ಲ, ಒಂದು ಹಾಸ್ಟೆಲು.

ಬೆಟ್ಟದ ಮೇಲಿನ ಹಾಸ್ಟೆಲು, ಅಲ್ಲಿ ರೋಹಿಣಿ ಎಂಬ ಹದಿನೈದರ ಹುಡುಗಿ. ದಿನಾ ಸಂಜೆ ವಾರ್ಡನ್ ಒಂದು ದಪ್ಪ ಪುಸ್ತಕ ತೆರೆದು ಹಾಜರಿ ಕರೆಯುತ್ತಾಳೆ. ಒಂದು ಸಂಜೆ ರೋಹಿಣಿಯ ಹೆಸರು ಕರೆದಾಗ ಅವಳು ಬಾಯಿ ತೆರೆಯುವ ಮೊದಲೇ ಯಾರೋ 'ಪ್ರೆಸೆಂಟ್ ಮಿಸ್' ಅನ್ನುತ್ತಾರೆ. ಮೊದಲು ದನಿ ಮಾತ್ರ. ಆಮೇಲೆ ಆ ದನಿಗೆ ಒಂದು ಯೂನಿಫಾರಂ ಬರುತ್ತದೆ, ಎರಡು ಜಡೆ ಬರುತ್ತದೆ, ಕೊನೆಗೆ ರೋಹಿಣಿಯದೇ ಮುಖ ಬರುತ್ತದೆ. ಅವಳು ರೋಹಿಣಿಯ ತಟ್ಟೆಯಲ್ಲಿ ಉಣ್ಣುತ್ತಾಳೆ, ರೋಹಿಣಿಯ ಹಾಸಿಗೆಯಲ್ಲಿ ಮಲಗುತ್ತಾಳೆ. ಊರಿಂದ ಬಂದ ತಾಯಿ ಅವಳನ್ನೇ ತಬ್ಬಿಕೊಂಡು ಚಕ್ಕುಲಿ ಕೊಟ್ಟು ಹೋಗುತ್ತಾಳೆ. ರೋಹಿಣಿ ಕೂಗಲು ಹೋದರೆ ಬಾಯಿಂದ ಮಾತಿನ ಬದಲು ನೀರು ಸುರಿಯುತ್ತದೆ. ಅವಳು ಮಹಡಿಯ ಮೇಲಿನ ನೀರಿನ ಟ್ಯಾಂಕಿನ ಕೋಣೆ ಸೇರುತ್ತಾಳೆ. ಅಲ್ಲಿಗೆ ಹೋಗುವ ಮೆಟ್ಟಿಲು ದಿನಕ್ಕೊಂದರಂತೆ ಹೆಚ್ಚುತ್ತಾ ಹೋಗುತ್ತದೆ. ಮಡಿಯುಟ್ಟ ಮುದುಕಿಯರು ರಾಮ ರಾಮ ಅನ್ನತೊಡಗಿದರು. ನಾನೂ ಸೆರಗು ಬಿಗಿಯಾಗಿ ಹೊದ್ದುಕೊಂಡೆ. ಆದರೂ ಕೊನೆಯ ರೀಲು ಬಂದಾಗ ವಾಡಿಕೆಯಂತೆ ಎದ್ದು ಹೋಗಿ ಕಿಟಕಿಯಲ್ಲಿ ಕೂತೆ. ಗೋಡೆಯಾಚೆಯಿಂದ ಚಪ್ಪಾಳೆಯೂ ಕೇಳಲಿಲ್ಲ, ಅಳುವೂ ಕೇಳಲಿಲ್ಲ. ಒಳ್ಳೇ ಫಜೀತಿಯಾಯಿತಲ್ಲ ಅಂದುಕೊಂಡೆ. ಅಷ್ಟರಲ್ಲಿ ಮೊದಲ ಕೈ ಬಂದುಬಿಟ್ಟಿತು.

ಆ ಎರಡನೇ ಹುಡುಗಿ ಒಂದು ಪಿಶಾಚಿ, ಒಂಟಿಯಾಗಿ ಕೂರುವ ಮಕ್ಕಳನ್ನು ಹಿಡಿಯುತ್ತದೆ ಎಂದೆ. ಹಿರಿಯರ ಮಾತು ಕೇಳಿಕೊಂಡು ನಾಲ್ಕು ಜನರ ನಡುವೆ ಇದ್ದರೆ ಅದು ಹತ್ತಿರ ಬರುವುದಿಲ್ಲ ಎಂದೆ. ಕೈಗಳು ಸಮಾಧಾನದಿಂದ ಹಿಂದೆ ಸರಿದವು. ಯಾರ ಮನೆಗೂ ಏನೂ ಹೋಗಲಿಲ್ಲ, ನನ್ನ ಹೊಟ್ಟೆ ತಣ್ಣಗಾಯಿತು. ಶನಿವಾರ ಮಧ್ಯಾಹ್ನ ಸಿನಿಮಾ ಇನ್ನೊಂದು ಸಲ ನೋಡಿ, ಕೊನೆಯ ರೀಲಿಗೆ ಮತ್ತೆ ಎದ್ದು ಬಂದು ಕೂತೆ. ಆ ಆಟದ ಮೇಲೆ ಮಾತ್ರ ಒಂದು ಕೈ ಹಿಂದೆ ಸರಿಯಲಿಲ್ಲ. ಸಣ್ಣ ಕೈ, ಬೆರಳಿಗೆ ಇಂಕು ಮೆತ್ತಿತ್ತು, ಉಗುರುಗಳು ಬುಡದ ತನಕ ಕಚ್ಚಿ ಹೋಗಿದ್ದವು. ಒಂದು ದನಿ ಮೆಲ್ಲಗೆ ಕೇಳಿತು, ತನ್ನನ್ನು ಯಾರೂ ಹುಡುಕುತ್ತಿಲ್ಲ ಅಂತ ರೋಹಿಣಿಗೆ ಗೊತ್ತಿದೆಯಾ ಎಂದು. ಸಾಲು ಉದ್ದವಿತ್ತು. ಹಿರಿಯರ ಮಾತು ಕೇಳಿದರೆ ಪಿಶಾಚಿ ಹತ್ತಿರ ಬರುವುದಿಲ್ಲಮ್ಮ, ಮುಂದೆ ಹೋಗಿ, ಅಂದೆ. ಕೈ ಹೋಯಿತು, ಇನ್ನೊಂದು ಬಂತು.

ಇನ್ನು ನಮ್ಮ ಮನೆಯ ವಿಷಯ. ನಾನಿರುವುದು ತಮ್ಮ ಶಿವಸ್ವಾಮಿಯ ಮನೆಯಲ್ಲಿ. ಅವನು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಅವನ ಹೆಂಡತಿ ಕಮಲಾಕ್ಷಿ ಮನೆ ನೋಡಿಕೊಳ್ಳುತ್ತಾಳೆ, ಅವರಿಗೆ ಒಬ್ಬಳೇ ಮಗಳು ವನಮಾಲ. ಹತ್ತನೇ ಕ್ಲಾಸು. ಒಂದು ಕಾಲಕ್ಕೆ ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿ ಆರು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಶಾಲೆಯಿಂದ ಬಂದವಳೇ ಏಣಿ ಹತ್ತಿ ಅಟ್ಟ ಸೇರುವಳು. ಅಲ್ಲಿ ಅಪ್ಪನ ಕಾಲದ ಸಿನಿಮಾ ಪೋಸ್ಟರುಗಳ ಸುರುಳಿಗಳ ನಡುವೆ ಕೂತಿರುವಳು. ಊಟಕ್ಕೆ ಕೂಗಿದರೆ ಆರು ಕೂಗಿಗೆ ಒಂದು ಉತ್ತರ, ಅದೂ ಸಿಡುಕಿನದು. ಬದನೆಕಾಯಿ ಇದ್ದರೆ ತಟ್ಟೆ ತಳ್ಳುವಳು. ವಯಸ್ಸೇ ಅಂಥದ್ದು, ಸರಿಹೋಗುತ್ತಾಳೆ ಎಂದು ನಾವು ಮೂವರೂ ಒಬ್ಬರಿಗೊಬ್ಬರು ಹೇಳಿಕೊಂಡು ಸುಮ್ಮನಿದ್ದೆವು.

ಭಾನುವಾರ ಅವಳು ಸರಿಹೋದಳು. ಕಮಲಾಕ್ಷಿ ಎಬ್ಬಿಸುವ ಮೊದಲೇ ಎದ್ದು ತಲೆ ಬಾಚಿ ಎರಡು ಜಡೆ ಹಾಕಿಕೊಂಡಿದ್ದಳು. ಅರ್ಧ ಕೂಗುವುದರೊಳಗೆ 'ಬಂದೆ' ಅಂದಳು. ಬದನೆಕಾಯಿ ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡಳು. ಸೋಮವಾರದಿಂದ ಬುತ್ತಿ ಬಿಟ್ಟು ಮಧ್ಯಾಹ್ನದ ಊಟಕ್ಕೂ ಮನೆಗೇ ಬರತೊಡಗಿದಳು. ಸೋಮವಾರ ಶಾಲೆಯ ಗಣಿತದ ಮೇಷ್ಟರು ಅಂಗಡಿಗೆ ಬಂದು, ನಿಮ್ಮ ಹುಡುಗಿ ಇವತ್ತು ಎಲ್ಲಾ ಪ್ರಶ್ನೆಗೂ ಕೈ ಎತ್ತಿದಳು ಎಂದು ಶಿವಸ್ವಾಮಿಯ ಬೆನ್ನು ತಟ್ಟಿ ಹೋದರು. ಮಂಗಳವಾರ ಅವಳು ಕೇಳದೆಯೇ ನನ್ನ ಕಾಲೊತ್ತಿದಳು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ಹಬ್ಬದ ಕಳೆ ಇತ್ತು. ನನ್ನ ಬಾಯಲ್ಲೇ, ಸಿನಿಮಾ ನೋಡಿ ಬುದ್ಧಿ ಕಲಿತಳು ನೋಡು ಎಂಬ ಮಾತೂ ಬಂತು. ನಾನು ಹೇಳಿದ ಅರ್ಥ ಅಷ್ಟು ಚೆನ್ನಾಗಿ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಬುಧವಾರ ಮಧ್ಯಾಹ್ನ ಅವಳು ನನಗೆ ಮಜ್ಜಿಗೆ ತಂದುಕೊಟ್ಟಳು. ಲೋಟ ತೆಗೆದುಕೊಳ್ಳುವಾಗ ಅವಳ ಕೈ ಕಂಡಿತು. ಹತ್ತೂ ಉಗುರು ನೀಟಾಗಿ, ಬೆಳ್ಳಗೆ ಬೆಳೆದು ನಿಂತಿದ್ದವು. ನಾಲ್ಕು ದಿನದಲ್ಲಿ ಉಗುರು ಅಷ್ಟು ಬೆಳೆಯುವುದಿಲ್ಲ. ನಾನು ಅವಳ ಬಲಗೈ ಹಿಡಿದು ತಿರುಗಿಸಿದೆ. ಎಂಟು ವರ್ಷದವಳಿದ್ದಾಗ ಈಳಿಗೆಮಣೆ ತಾಗಿ ತೋರುಬೆರಳಿಗೆ ಗಾಯವಾಗಿತ್ತು, ನಾನೇ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದೆ. ಆ ಕಲೆ ಅಲ್ಲಿರಲಿಲ್ಲ. ಕಲೆ ಎಲ್ಲಿ ಹೋಯಿತೇ ಎಂದು ಕೇಳಿದೆ. ಅವಳು ನಕ್ಕು 'ಬಂದೆ ಅತ್ತೆ' ಅಂದಳು. ನಾನು ಏನು ಕೇಳಿದ್ದೆನೋ ಅದಕ್ಕೂ ಆ ಉತ್ತರಕ್ಕೂ ಸಂಬಂಧವೇ ಇರಲಿಲ್ಲ. ಊರಿನವರ ಕೈಯನ್ನೆಲ್ಲ ಗುರುತು ಹಿಡಿಯುವವಳು ನಾನು, ನನ್ನ ಮನೆಯಲ್ಲಿ ನಾಲ್ಕು ದಿನ ಓಡಾಡಿದ ಕೈಯನ್ನು ನೋಡಿರಲಿಲ್ಲ.

ಕಮಲಾಕ್ಷಿ ಹಿತ್ತಲಲ್ಲಿದ್ದಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದೆ. ಅಟ್ಟಕ್ಕೆ ಏಳೇ ಮೆಟ್ಟಿಲು. ಅವತ್ತು ಎಣಿಸುತ್ತಾ ಹತ್ತಿದೆ, ಹನ್ನೊಂದಾಯಿತು. ಮೇಲೆ ಪೋಸ್ಟರಿನ ಸುರುಳಿಗಳ ಹಿಂದೆ ಯಾರೂ ಇಲ್ಲ ಅನ್ನಿಸಿತು. ಹೆಂಚಿನ ಸಂದಿಯ ಬಿಸಿಲು ಬಿದ್ದಲ್ಲಿ ನೋಡಿದೆ, ಒಂದು ಕೈ ಮೊಣಕಾಲು ಸುತ್ತಿಕೊಂಡಿತ್ತು. ಇಂಕು ಮೆತ್ತಿದ ಬೆರಳು, ಬುಡದ ತನಕ ಕಚ್ಚಿದ ಉಗುರು, ತೋರುಬೆರಳಿನ ಮೇಲೆ ಬಿಳಿಯ ಕಲೆ. ಶನಿವಾರ ಕಿಟಕಿಯಲ್ಲಿ ಹಿಂದೆ ಸರಿಯದೆ ನಿಂತಿದ್ದ ಕೈ ಅದೇ. ಕೈ ಕಂಡ ಮೇಲೆ ನಿಧಾನಕ್ಕೆ ಹುಡುಗಿ ಕಂಡಳು. ಆವತ್ತು ನನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಬಂದವಳನ್ನು ಕಳಿಸಬೇಕಲ್ಲ, ನಾನು ನನ್ನ ವಿದ್ಯೆಯನ್ನೆಲ್ಲ ಹೊರಗೆ ತೆಗೆದೆ. ಅದು ಪಿಶಾಚಿಯಲ್ಲ, ಪರೀಕ್ಷೆಯ ಭಯ ಅಂದೆ. ತಾಯಿಯ ಪ್ರೀತಿ ಸಾಲದ ಮಗುವಿನ ಕನಸು ಅಂದೆ. ಆಸೆ ಬೇರೆ, ಮನಸ್ಸು ಬೇರೆ ಅಂತ ಅಪ್ಪನ ಕಾಲದ ಒಂದು ದೊಡ್ಡ ಅರ್ಥವನ್ನೂ ಹೇಳಿದೆ. ಪ್ರತಿಯೊಂದು ಹೇಳಿದ ಮೇಲೂ ಕಿವಿಗೊಟ್ಟು ಕೇಳಿದೆ, ಕೆಳಗೆ ಆ ಇನ್ನೊಬ್ಬಳು ಪಾತ್ರೆ ಜೋಡಿಸುವ ಸದ್ದು ನಿಲ್ಲಲಿಲ್ಲ. ವನಮಾಲ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಬಾಯಿ ತೆರೆದಳು. ದನಿ ಅದೆಷ್ಟು ಸಣ್ಣಗಾಗಿತ್ತೆಂದರೆ ನಾನು ಬಗ್ಗಿ ಕೇಳಬೇಕಾಯಿತು.

"ಅತ್ತೆ, ನೀವು ಕೊನೇ ರೀಲು ನೋಡಿದ್ದೀರಾ?"

ನಾನು ಪೋಸ್ಟರಿನ ಸುರುಳಿಯ ಧೂಳು ಒರೆಸತೊಡಗಿದೆ.

"ಶನಿವಾರ ನೀವು ಎದ್ದು ಹೋಗಿದ್ದನ್ನ ನಾನು ನೋಡ್ದೆ. ನೀವು ನೋಡದೇ ಹೇಳ್ತೀರಾ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಾಗಿತ್ತು. "ಹೋಗ್ಲಿ ಬಿಡಿ. ಕೆಳಗೆ ಎಲ್ರೂ ಖುಷಿಯಾಗಿದ್ದೀರಲ್ಲ. ಅವಳನ್ನೇ ಇಟ್ಕೊಳ್ಳಿ."

ಅಷ್ಟರಲ್ಲಿ ಕೆಳಗೆ ಶಿವಸ್ವಾಮಿ ಅಂಗಡಿಯಿಂದ ಬಂದ. ಕಮಲಾಕ್ಷಿ ವನೀ ಅಂದಳು, 'ಬಂದೆ' ಎಂದು ಅಡುಗೆಮನೆಯಿಂದ ಉತ್ತರ ಬಂತು, ಅಪ್ಪ ಮಗಳು ಏನೋ ಮಾತಾಡಿ ನಕ್ಕರು. ಅಟ್ಟದ ಮೇಲಿದ್ದ ಹುಡುಗಿ ಆ ನಗುವನ್ನು ಕೇಳುತ್ತಾ ಇನ್ನಷ್ಟು ಮಾಸಿದಳು. ನನ್ನ ಕಣ್ಣೆದುರೇ ಅವಳ ಹೆಗಲಿನ ಮೂಲಕ ಹಿಂದಿದ್ದ ಪೋಸ್ಟರಿನ ಕೆಂಪು ಬಣ್ಣ ಕಂಡಿತು. ಮರುದಿನ ಗುರುವಾರ, ಅದರ ಮರುದಿನ ಬೆಳಿಗ್ಗೆ ಪೆಟ್ಟಿಗೆ ಹೋಗುತ್ತದೆ. ವಕೀಲರ ಅಡುಗೆಭಟ್ಟನ ಹಾಗೆ ಇವಳೂ ಉಳಿದುಬಿಟ್ಟರೆ ಮೇಲಿನವಳನ್ನು ನಾವು ಮರೆತೇಬಿಡುತ್ತೇವೆ ಎಂದು ಹೆದರಿಕೆಯಾಯಿತು. ಆಗಲೇ ಅವಳ ಹಳೆಯ ದನಿಯನ್ನು ನೆನಪು ಮಾಡಿಕೊಳ್ಳಲು ನನಗೆ ಕಷ್ಟವಾಗುತ್ತಿತ್ತು.

ನಾನು ಈ ವೃತ್ತಿಯಲ್ಲಿ ಯಾರೆದುರೂ ಆಡದ ಮಾತನ್ನು ಆಡಿದೆ. "ವನೀ, ನಂಗೆ ಆ ಪಿಚ್ಚರ್ ಅರ್ಥ ಆಗ್ಲಿಲ್ಲ ಕಣೇ. ನಾಳೆ ಬೆಳಿಗ್ಗೆ ಕೊನೇ ರೀಲು ಹಾಕಿಸ್ತೀನಿ. ನೀನು ಬಂದು ಹೇಳ್ಕೊಡು."

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ನಾನು ತಮಾಷೆ ಮಾಡುತ್ತಿದ್ದೇನೋ ಎಂದು ನೋಡಿದಳೆಂದು ಕಾಣುತ್ತದೆ.

ಗುರುವಾರ ಬೆಳಿಗ್ಗೆ ಎರಡು ಜಡೆಯವಳು ಶಾಲೆಗೆ ಹೋದ ಮೇಲೆ ನಾನು ಏಣಿಯ ಕೆಳಗೆ ನಿಂತೆ. ಕೂಗಲು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮೇಲೆ ಹತ್ತಿದೆ. ಹನ್ನೆರಡು ಮೆಟ್ಟಿಲಾಗಿತ್ತು, ಮಂಡಿ ನೋಯಿತು. ಕೈ ಚಾಚಿದೆ, ಇಂಕಿನ ಬೆರಳು ನನ್ನ ಕೈಯೊಳಗೆ ಬಂತು. ಬೀದಿಯಲ್ಲಿ ಅವಳು ನನ್ನ ಪಕ್ಕದಲ್ಲೇ ನಡೆದಳು. ಹೂವಿನ ಪಾರ್ವತಕ್ಕ, ಏನು ತುಂಗಮ್ಮ ಒಬ್ಬರೇ ಹೊರಟಿರಿ ಇಷ್ಟು ಬೇಗ, ಎಂದು ಕೇಳಿದರು. ವನಮಾಲ ನನ್ನ ಕೈಯಿಂದ ಬಿಡಿಸಿಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ. ಒಬ್ಬಳೇ ಅಲ್ಲ, ನಮ್ಮ ವನೀ ಇದ್ದಾಳೆ ಎಂದೆ. ಪಾರ್ವತಕ್ಕ ನನ್ನ ಪಕ್ಕದ ಖಾಲಿ ಜಾಗ ನೋಡಿ, ವಯಸ್ಸಾಯಿತು ಪಾಪ ಎಂಬ ಮುಖ ಮಾಡಿದರು.

ಜಬ್ಬಾರ್ ಸಾಹೇಬರು ಮಿಷನ್ ಒರೆಸುತ್ತಿದ್ದರು. ಕೊನೆಯ ರೀಲು ಒಂದು ಹಾಕಬೇಕು ಎಂದಾಗ ಬಟ್ಟೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದೊಂದೇ ಸಾಕಾ ತುಂಗಮ್ಮೋರೆ, ಇಲ್ಲಾ ಇಪ್ಪತ್ತೆರಡು ವರ್ಷದ್ದೂ ಸೇರಿಸಿ ಹಾಕ್ಬೇಕಾ?"

ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಅವತ್ತು ಬರೀ ಕೈ ಮುಗಿದೆ. ಅವರ ನಗು ಅಲ್ಲಿಗೇ ನಿಂತಿತು, ಸದ್ದಿಲ್ಲದೆ ರೀಲು ಹುಡುಕತೊಡಗಿದರು. ಖಾಲಿ ಟಾಕೀಸಿನಲ್ಲಿ ನಾವಿಬ್ಬರೂ ನಡುವಿನ ಬೆಂಚಿನಲ್ಲಿ ಕೂತೆವು. ಬಾಗಿಲ ಸಂದಿಯಿಂದ ಬೆಳಗಿನ ಬಿಸಿಲು ಬರುತ್ತಿತ್ತು, ಚಿತ್ರ ಸ್ವಲ್ಪ ಮಸುಕಾಗಿ ಮೂಡಿತು.

ಕೊನೆಯ ರೀಲಿನಲ್ಲಿ ಹಾಜರಿಯ ಹೊತ್ತು. ಹುಡುಗಿಯರೆಲ್ಲ ಸಾಲಾಗಿ ನಿಂತಿದ್ದಾರೆ, ಎರಡನೆಯವಳೂ ನಿಂತಿದ್ದಾಳೆ. ವಾರ್ಡನ್ ಪುಸ್ತಕದ ಮೇಲೆ ಬಗ್ಗಿ ರೋಹಿಣಿ ಅನ್ನುತ್ತಾಳೆ. ಎರಡನೆಯವಳು ಬಾಯಿ ತೆರೆಯುತ್ತಾಳೆ, ಈ ಸಲ ಅವಳ ಬಾಯಿಂದಲೂ ಮಾತಿನ ಬದಲು ನೀರು ಸುರಿಯುತ್ತದೆ. ವಾರ್ಡನ್ ತಲೆ ಎತ್ತದೆ ಇನ್ನೊಂದು ಸಲ ಕರೆಯುತ್ತಾಳೆ. ಉತ್ತರವಿಲ್ಲ. ಸಾಲಿನಲ್ಲಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಮೆಟ್ಟಿಲಿನ ಕಡೆ ತಿರುಗುತ್ತಾರೆ. ಮೆಟ್ಟಿಲುಗಳು ಮೇಲೆ ಮೇಲೆ ಹೋಗುತ್ತವೆ, ತುದಿಯಲ್ಲಿ ಟ್ಯಾಂಕಿನ ಕೋಣೆಯ ಬಾಗಿಲು. ಅದು ಒಳಗಿನಿಂದ ಒಂದು ಗೇಣು ತೆರೆಯುತ್ತದೆ. ಒಂದು ಕೈ ಬಾಗಿಲನ್ನು ಹಿಡಿಯುತ್ತದೆ. ಅಷ್ಟಕ್ಕೇ ಪರದೆ ಬೆಳ್ಳಗಾಯಿತು. ಗೋಡೆಯಾಚೆಯಿಂದ ನನಗೆ ಚಪ್ಪಾಳೆಯೂ ಅಳುವೂ ಯಾಕೆ ಕೇಳಿರಲಿಲ್ಲ ಎಂದು ಆಗ ಗೊತ್ತಾಯಿತು.

ಹೊರಗೆ ಬಂದು ನಾನು ವನಮಾಲಳನ್ನು ಕಿಟಕಿಯ ಕೋಣೆಯೊಳಗೆ ನನ್ನ ಸ್ಟೂಲಿನ ಮೇಲೆ ಕೂರಿಸಿದೆ. ನಾನು ಹೊರಗೆ, ಸಾಲು ನಿಲ್ಲುವ ಜಾಗದಲ್ಲಿ ನಿಂತು ಕಿಟಕಿಯೊಳಗೆ ಕೈ ಇಟ್ಟೆ. ಆ ಕಡೆಯಿಂದ ನೋಡಿದರೆ ಅದು ಎಷ್ಟು ಸಣ್ಣ ತೂತು! ಒಳಗಿದ್ದವರ ಮೂಗಿನ ತುದಿಯೂ ಕಾಣುವುದಿಲ್ಲ. ಕತ್ತಲೆಗೆ ಕೈ ಕೊಟ್ಟು ನಿಂತ ಹಾಗೆ. ಊರಿನವರೆಲ್ಲ ಇಷ್ಟು ವರ್ಷ ಹೇಗೆ ನಿಂತರೋ ಎಂದು ನಾಚಿಕೆಯಾಯಿತು. ಆಮೇಲೆ ಕಚ್ಚಿದ ಉಗುರಿನ ಬೆರಳು ನನ್ನ ಅಂಗೈ ಮುಟ್ಟಿತು.

"ಅವಳು ಪಿಶಾಚಿ ಅಲ್ಲ ಅತ್ತೆ. ಅವಳನ್ನ ರೋಹಿಣಿನೇ ಕಳಿಸಿದ್ದು. ಮೊದಲನೇ ದಿನ ಹೆಸರು ಕರೆದಾಗ ರೋಹಿಣಿಗೆ ಗಂಟಲು ಕಟ್ಟಿತ್ತು. ನನ್ ಬದಲು ಯಾರಾದ್ರೂ ಹೇಳ್ಲಿ ಅಂದ್ಕೊಂಡ್ಳು, ಅವಳು ಬಂದು ಹೇಳಿದ್ಳು. ಅಷ್ಟೇ. ಮಾರನೇ ದಿನ ತಾನೇ ಹೇಳ್ಬಹುದು ಅಂದ್ಕೊಂಡಿದ್ಳು." ಅವಳ ಬೆರಳು ನನ್ನ ಅಂಗೈಯಲ್ಲೇ ಇತ್ತು. "ಹೆದರಿಕೆ ಆಗೋದು ಅವಳನ್ನ ನೋಡಿ ಅಲ್ಲ. ಯಾರಿಗೂ ವ್ಯತ್ಯಾಸ ಗೊತ್ತಾಗ್ಲಿಲ್ವಲ್ಲ, ಅದಕ್ಕೆ."

ನಾನು ಅಲ್ಲೇ ನಿಂತೆ. ಹಿಂದೆ ಸಾಲು ಇರಲಿಲ್ಲ, ಅವಸರವಿರಲಿಲ್ಲ. ಇಷ್ಟು ವರ್ಷ ಒಬ್ಬರಿಗೂ ಹಾಕದ ಪ್ರಶ್ನೆ ಹಾಕಿದೆ.

"ನಿಂಗೆ ಗಂಟಲು ಯಾವಾಗ ಕಟ್ಟಿತು ವನೀ?"

ಅವಳು ಹೇಳಿದಳು. ಒಂದೇ ಸಲಕ್ಕೆ ಅಲ್ಲ, ನಿಂತು ನಿಂತು ಹೇಳಿದಳು. ಒಂದನೇ ಕ್ಲಾಸಿನಿಂದ ಪಕ್ಕದಲ್ಲೇ ಕೂರುತ್ತಿದ್ದ ಮಂದಾಕಿನಿ ಆರು ತಿಂಗಳ ಹಿಂದೆ ಒಂದು ದಿನ ಏನೂ ಹೇಳದೆ ಚೀಲ ಎತ್ತಿಕೊಂಡು ಮುಂದಿನ ಬೆಂಚಿಗೆ ಹೋಗಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹುಡುಗಿಯರೆಲ್ಲ ಸುತ್ತ ಕೂತಿದ್ದರು, ಇವಳು ಹೋದಾಗ ಯಾರೂ ಸರಿದು ಜಾಗ ಕೊಡಲಿಲ್ಲ. ಅವತ್ತಿನಿಂದ ಇವಳು ಸೈಕಲ್ ನಿಲ್ಲಿಸುವ ಕಡೆ ಒಬ್ಬಳೇ ನಿಂತು ಉಣ್ಣುತ್ತಿದ್ದಳು. ಆಮೇಲೆ ಆಮೇಲೆ ಮಾತಾಡಲು ಹೋದರೆ ದನಿಯೇ ಬರುತ್ತಿರಲಿಲ್ಲ. ಮನೆಯಲ್ಲಿ ಒಂದು ರಾತ್ರಿ ಊಟದ ಹೊತ್ತಿಗೆ ಹೇಳಲು ನೋಡಿದಳು. ಅಪ್ಪ ರೇಡಿಯೋದ ವಾರ್ತೆ ಕೇಳುತ್ತಿದ್ದ, ಅಮ್ಮ ಮೊದಲು ಊಟ ಮಾಡು ಅಂದಳು. ಆಮೇಲೆ ಶನಿವಾರ ಕಿಟಕಿಗೆ ಬಂದಳು.

"ನೀವು ಕೈ ಮುಟ್ಟಿದ್ರಿ. ಗುರುತು ಸಿಗುತ್ತೆ ಅಂದ್ಕೊಂಡಿದ್ದೆ," ಅಂದಳು.

ನನಗೆ ಅಳು ತಡೆಯಲಾಗಲಿಲ್ಲ. ಐವತ್ತಮೂರು ವರ್ಷದ ಹೆಂಗಸು ನಾನು, ಟಾಕೀಸಿನ ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟೆ. ತಪ್ಪಾಯಿತು ಎಂದೆ, ಸಾಲು ನೋಡುತ್ತಿದ್ದೆ, ನಿನ್ನನ್ನು ನೋಡಲಿಲ್ಲ ಎಂದೆ. ಒಳಗಿನ ಬೆರಳುಗಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದವು. ಮೂಗು ಒರೆಸಿಕೊಂಡ ಮೇಲೆ ಇನ್ನೊಂದು ಅನುಮಾನ ಉಳಿದಿತ್ತು, ಅದನ್ನೂ ಕೇಳಿದೆ.

"ಕೊನೇಲಿ ಬಾಗಿಲ ಹತ್ರ ಬರುತ್ತಲ್ಲ, ಆ ಕೈ ಯಾರದು? ರೋಹಿಣಿದಾ, ಇಲ್ಲಾ ಬೇರೆ ಯಾರದಾದ್ರೂನಾ?"

"ನಂಗೂ ಗೊತ್ತಿಲ್ಲ," ಅಂದಳು. ಆಮೇಲೆ, ಆರು ತಿಂಗಳಲ್ಲಿ ಮೊದಲ ಸಲ, ಸ್ವಲ್ಪ ನಕ್ಕಳು. "ಗೊತ್ತಿಲ್ದಿದ್ರೂ ನಡೆಯುತ್ತೆ ಅನ್ಸುತ್ತೆ ಅತ್ತೆ. ಬಾಗಿಲು ತೆಗೀತಲ್ಲ."

ಆ ಹೊತ್ತಿಗೆ ಜಬ್ಬಾರ್ ಸಾಹೇಬರು ರೀಲು ಸುತ್ತಿಟ್ಟು ಕೆಳಗೆ ಇಳಿದು ಬಂದರು. ಕಿಟಕಿಯ ಕೋಣೆಯ ಬಾಗಿಲಲ್ಲಿ ನಿಂತು, ಅರೆ, ವನಮ್ಮ ಯಾವಾಗ ಬಂದರು, ಇವತ್ತು ಶಾಲೆಗೆ ರಜವಾ ಎಂದು ಕೇಳಿದರು. ನಾನು ಸುತ್ತಿ ಬಂದು ಅವರ ಪಕ್ಕ ನಿಂತೆ. ವನಮಾಲ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ದಾರಿಯಲ್ಲಿ ಪಾರ್ವತಕ್ಕ ಅವಳನ್ನು ತಡೆದು, ತಲೆ ಬಾಚಿಕೊಳ್ಳದೆ ಬೀದಿಗೆ ಬರುತ್ತಾರೇನೇ ಎಂದು ಬೈದು ಒಂದು ಮೊಳ ಕನಕಾಂಬರ ಮುಡಿಸಿದರು. ಅಷ್ಟು ಚೆನ್ನಾಗಿ ಯಾರಾದರೂ ಬೈದದ್ದನ್ನು ನಾನು ಕೇಳಿಲ್ಲ.

ನಾವು ಮನೆ ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು. ಹಿತ್ತಲ ಬಾಗಿಲಲ್ಲಿ ಎರಡು ಜಡೆಯವಳು ನಿಂತಿದ್ದಳು, ಶಾಲೆಯಿಂದ ಬಂದಿದ್ದಳೋ, ಹೋಗಿಯೇ ಇರಲಿಲ್ಲವೋ. ಕೈಯಲ್ಲಿ ನೀರಿನ ಚೊಂಬು ಇತ್ತು. ನನಗೆ ಭಯವಾಗಬೇಕಿತ್ತು, ಆಗಲಿಲ್ಲ. ಐದು ದಿನ ಬಿಡುವಿಲ್ಲದೆ ನಕ್ಕು ನಕ್ಕು ಆ ಹುಡುಗಿ ಬಹಳ ದಣಿದಿದ್ದಳು. ವನಮಾಲ ಹತ್ತಿರ ಹೋಗಿ ಅವಳ ಕೈಯಿಂದ ಚೊಂಬು ತೆಗೆದುಕೊಂಡಳು. ಇನ್ನು ಸಾಕು, ನೀನು ಹೋಗು, ಎಂದು ಮೆಲ್ಲಗೆ ಹೇಳಿದಳು. ತನ್ನ ತಲೆಯ ಕನಕಾಂಬರದಲ್ಲಿ ಅರ್ಧ ಕಿತ್ತು ಅವಳಿಗೆ ಕೊಟ್ಟಳು. ಅವಳು ಅದನ್ನು ಮುಡಿದುಕೊಂಡು ಹಿತ್ತಲ ದಾರಿಯಲ್ಲಿ ಟಾಕೀಸಿನ ಕಡೆಗೆ ಹೋದಳು. ಮರುದಿನ ಪೆಟ್ಟಿಗೆ ಕಳಿಸುವಾಗ ಅದರಿಂದ ಹೂವಿನ ವಾಸನೆ ಬರುತ್ತಿತ್ತು ಎಂದು ಜಬ್ಬಾರ್ ಸಾಹೇಬರು ಹೇಳಿದರು. ಕನಕಾಂಬರಕ್ಕೆ ವಾಸನೆಯೆಲ್ಲಿಂದ ಬರಬೇಕು ಎಂದು ನಾನು ವಾದಿಸಲು ಹೋಗಲಿಲ್ಲ. ಕಿಟಕಿ ಒಡೆದು ಅಗಲ ಮಾಡಲು ಗಾರೆಯವರನ್ನು ಕರೆಸಿದ್ದೂ ಆ ಶುಕ್ರವಾರವೇ.

ಗುರುವಾರ ಎರಡು ಜಡೆಯವಳು ಹೋದ ಕೂಡಲೇ ವನಮಾಲ ಯಾರ ಕಣ್ಣಿಗೂ ಬೀಳದೆ ಏಣಿ ಹತ್ತಿ ಅಟ್ಟಕ್ಕೆ ಹೋದಳು. ಶಿವಸ್ವಾಮಿ ಅಂಗಡಿಯಿಂದ ಬಂದು ತಟ್ಟೆಯ ಮುಂದೆ ಕೂತ. ಕಮಲಾಕ್ಷಿ ಸಾರಿನ ಪಾತ್ರೆ ಇಳಿಸುತ್ತಾ ವನೀ, ಊಟಕ್ಕೆ ಬಾ ಎಂದು ಕೂಗಿದಳು. ಐದು ದಿನದಿಂದ ಕೂಗು ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು. ಅವತ್ತು ಬರಲಿಲ್ಲ. ಕಮಲಾಕ್ಷಿ ಸೌಟು ಹಿಡಿದು ಹಾಗೇ ನಿಂತಳು. ಶಿವಸ್ವಾಮಿ ಕೈ ಚಾಚಿ ರೇಡಿಯೋ ಆರಿಸಿದ. ಅವಳು ಇನ್ನೊಂದು ಸಲ ಕೂಗಲು ಬಾಯಿ ತೆರೆದಾಗ ನಾನು, ಕೆಳಗಿಂದ ಕೂಗಬೇಡ ಕಮಲ, ಮೇಲೆ ಹತ್ತಿ ಹೋಗಿ ನೋಡು, ಅಂದೆ. ಅವಳು ಯಾಕೆ ಎಂದು ಕೇಳಲಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ, ಕೈ ಸೆರಗಿಗೆ ಒರೆಸಿಕೊಂಡು ಏಣಿ ಹತ್ತಿದಳು. ನಾನು ಎಣಿಸಿದೆ, ಏಳು ಮೆಟ್ಟಿಲು.

ಮೇಲಿನಿಂದ ದನಿ ಕೇಳಿತು. ಒರಟು ದನಿ, ಸಿಡುಕಿನ ದನಿ, ನಾನು ಮರೆಯುತ್ತಿದ್ದೇನೆ ಎಂದು ಹೆದರಿದ್ದ ದನಿ.

"ಬರ್ತೀನಮ್ಮ, ಅದಕ್ಯಾಕೆ ಮೇಲೆ ಹತ್ತಿ ಬಂದೆ? ಬದನೆಕಾಯಿ ಆದ್ರೆ ನಂಗೆ ಬೇಡ."

ಶಿವಸ್ವಾಮಿ ನನ್ನ ಕಡೆ ನೋಡಿದ. ಅವನಿಗೆ ಏನೂ ಗೊತ್ತಿರಲಿಲ್ಲ, ಆದರೂ ಅವನ ಕಣ್ಣು ತುಂಬಿತ್ತು. ಮೇಲೆ ಕಮಲಾಕ್ಷಿ ಏನೋ ಕೇಳಿದಳು, ಹುಡುಗಿ ಏನೋ ಹೇಳತೊಡಗಿದಳು. ಮಾತು ಮುಂದುವರಿಯಿತು, ನಿಂತಿತು, ಮತ್ತೆ ಮುಂದುವರಿಯಿತು. ಕಮಲಾಕ್ಷಿ ಬೇಗ ಇಳಿಯಲಿಲ್ಲ. ಅನ್ನ ಆರಿತು, ಸಾರಿನ ಮೇಲೆ ತುಪ್ಪ ಹೆಪ್ಪುಗಟ್ಟಿತು. ನಾವಿಬ್ಬರೂ ತಟ್ಟೆ ಮುಂದಿಟ್ಟುಕೊಂಡು ಕಾದೆವು, ಯಾರೂ ಕೂಗಲಿಲ್ಲ.